ಬಿಟ್ಟುಕೊಟ್ಟವರೆಲ್ಲ ಸೋತರಾ? ಟ್ರೇಡ್ ಲೆಕ್ಕ ನೋಡೋದು ಹೇಗೆ

ಭದ್ರಾವತಿ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ಶಿವಮೊಗ್ಗದಲ್ಲಿ ಕೆಲಸ ಮುಗಿಸಿ ಮನೆ ಕಡೆ ಹೊರಟವರಿಗೂ ಸ್ವಾಗತ. ಇವತ್ತು ಮಾತಾಡೋದು ಆಟಗಾರರ ಟ್ರೇಡ್ ಬಗ್ಗೆ.

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ನವುಲೆ ಸ್ಟೇಡಿಯಂನಲ್ಲಿ ಕರ್ನಾಟಕ–ಗೋವಾ ರಣಜಿ ಪಂದ್ಯ ಆಯ್ತಲ್ಲ, ಅದರಲ್ಲಿ ಕರುಣ್ ನಾಯರ್ ಅಜೇಯ 174 ಹೊಡೆದ್ರು. ಗೋವಾ ಪರ ಬೌಲ್ ಮಾಡಿದವರಲ್ಲಿ ಅರ್ಜುನ್ ತೆಂಡೂಲ್ಕರ್ ಒಬ್ಬರು. ಕರುಣ್ ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ ವಾಪಸ್ ಬಂದವರು. ಅರ್ಜುನ್ ಮುಂಬೈ ಬಿಟ್ಟು ಗೋವಾ ಸೇರಿದವರು. ಆಮೇಲೆ ನವೆಂಬರ್‌ನಲ್ಲಿ ಐಪಿಎಲ್‌ನಲ್ಲೂ ಮುಂಬೈ ಇಂಡಿಯನ್ಸ್‌ನಿಂದ ಲಖನೌಗೆ ಟ್ರೇಡ್ ಆದ್ರು. ಇಂಥ ಸುದ್ದಿ ಬಂದ ಕೂಡ್ಲೇ ಮೊಬೈಲ್ ತುಂಬಾ ಒಂದೇ ಜಗಳ: ಯಾರು ಗೆದ್ರು, ಯಾರು ಸೋತ್ರು?

ಈ ಜಗಳ ಹಬ್ಬದ ಥರ ನಡೆಯೋದು ಅಮೆರಿಕದ ಬೇಸ್‌ಬಾಲ್‌ನಲ್ಲಿ. ಅಲ್ಲಿ ಒಂದು ತಂಡಕ್ಕೆ ಸೀಸನ್‌ಗೆ 162 ಪಂದ್ಯ. ಸೀಸನ್ ಅರ್ಧ ದಾಟಿದ ಮೇಲೆ, ಜುಲೈ ಕೊನೆ ಹೊತ್ತಿಗೆ ಟ್ರೇಡ್‌ಗೆ ಗಡುವು. ಕಪ್ ಹತ್ತಿರ ಇರೋ ತಂಡ ಕೊಳ್ಳುತ್ತೆ. ಆಸೆ ಬಿಟ್ಟ ತಂಡ ತನ್ನ ಸ್ಟಾರ್‌ನ ಕೊಟ್ಟು, ಮುಂದೆ ಬೆಳೆಯೋ ಹುಡುಗರನ್ನ ತಗೊಳ್ಳುತ್ತೆ.

2016ರಲ್ಲಿ ಶಿಕಾಗೊ ಕಬ್ಸ್ ಹಾಗೇ ಮಾಡಿತು. ಕೊನೇ ಹೊತ್ತಲ್ಲಿ ಎದುರಾಳಿಯನ್ನ ಕಟ್ಟಿಹಾಕೋ ಬೌಲರ್ ಅವರಿಗೆ ಬೇಕಿತ್ತು. ಬೇಸ್‌ಬಾಲ್ ಭಾಷೇಲಿ ಪಿಚರ್. ನ್ಯೂಯಾರ್ಕ್ ಯಾಂಕೀಸ್‌ನಿಂದ ಅರೋಲ್ಡಿಸ್ ಚಾಪ್‌ಮನ್‌ನ ತಂದ್ರು. ಬದಲಿಗೆ ಗ್ಲೇಬರ್ ಟೋರೆಸ್ ಅನ್ನೋ ಹುಡುಗನ್ನೂ ಸೇರಿಸಿ ನಾಲ್ವರನ್ನ ಕೊಟ್ರು. ಆ ವರ್ಷವೇ ಕಬ್ಸ್ ಕಪ್ ಗೆದ್ದಿತು, 108 ವರ್ಷದ ನಂತರ. ಸೀಸನ್ ಮುಗಿದ ಮೇಲೆ ಚಾಪ್‌ಮನ್ ಯಾಂಕೀಸ್‌ಗೇ ವಾಪಸ್ ಹೋದ. ಟೋರೆಸ್ ಅಲ್ಲೇ ಸ್ಟಾರ್ ಆದ. ಈಗ ಹೇಳಿ, ಸೋತಿದ್ದು ಯಾರು? ನನ್ನ ಪ್ರಕಾರ ಯಾರೂ ಅಲ್ಲ. ಇಬ್ಬರಿಗೂ ಬೇಕಾಗಿದ್ದು ಬೇರೆ ಬೇರೆ. ಇಬ್ಬರಿಗೂ ಅದು ಸಿಕ್ಕಿತು.

ಬಿ.ಕಾಂ ಓದಿದವರಿಗೆ ಇದು ಗೊತ್ತು: ಬಂದಿದ್ದನ್ನ ಮಾತ್ರ ಬರೆದು ಹೋಗಿದ್ದನ್ನ ಬಿಟ್ರೆ ಅದು ಲೆಕ್ಕ ಅಲ್ಲ. ಹೊಸ ಆಟಗಾರನ ಫೋಟೊ ನೋಡಿ ಕುಣಿಯೋದು, ಹೋದವನ ಫೋಟೊ ನೋಡಿ ಅಳೋದು, ಎರಡೂ ಅರ್ಧ ಲೆಕ್ಕ.

ನಮ್ಮ ಐಪಿಎಲ್‌ಗೆ ಬನ್ನಿ. 2009ರಲ್ಲಿ ಆರ್‌ಸಿಬಿ ಜಹೀರ್ ಖಾನ್‌ನ ಮುಂಬೈಗೆ ಕೊಟ್ಟು, ನಮ್ಮ ರಾಬಿನ್ ಉತ್ತಪ್ಪನ್ನ ತಂತು. ಆ ವರ್ಷ ಆರ್‌ಸಿಬಿ ಫೈನಲ್‌ಗೆ ಹೋಯ್ತು, ಮುಂಬೈ ಲೀಗ್‌ನಲ್ಲೇ ಹೊರಬಿತ್ತು. ಮರುವರ್ಷ ಉತ್ತಪ್ಪ 374 ರನ್ ಹೊಡೆದ್ರು, ಆದ್ರೆ ಫೈನಲ್‌ಗೆ ಹೋಗಿದ್ದು ಮುಂಬೈ. 2011ರ ಹರಾಜಿನಲ್ಲಿ ಜಹೀರ್ ವಾಪಸ್ ಆರ್‌ಸಿಬಿಗೆ ಬಂದ್ರು, ಉತ್ತಪ್ಪ ಪುಣೆಗೆ ಹೋದ್ರು. ಮೂರು ವರ್ಷದಲ್ಲಿ ತೀರ್ಪು ಮೂರು ಸಲ ಬದಲಾಯ್ತು.

ಸೀಸನ್ ಮಧ್ಯದ ಸೇರ್ಪಡೆಗೆ ನಮ್ಮಲ್ಲಿ ಒಳ್ಳೇ ಉದಾಹರಣೆ 2025. ಇದು ಟ್ರೇಡ್ ಅಲ್ಲ, ಗಾಯಾಳುವಿನ ಜಾಗಕ್ಕೆ ಬದಲಿ ಆಟಗಾರ. ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್‌ಗೆ ಗಾಯ ಆಯ್ತು. ಹರಾಜಿನಲ್ಲಿ ಯಾರೂ ಕೊಳ್ಳದೇ ಉಳಿದಿದ್ದ ಮಯಂಕ್ ಅಗರವಾಲ್‌ನ ಆರ್‌ಸಿಬಿ 1 ಕೋಟಿಗೆ ಕರೆಸಿತು. ಲಖನೌ ವಿರುದ್ಧ 228 ರನ್ ಬೆನ್ನಟ್ಟಿದಾಗ ಜಿತೇಶ್ ಶರ್ಮಾ 33 ಎಸೆತಕ್ಕೆ 85 ಹೊಡೆದದ್ದು ಎಲ್ಲರಿಗೂ ನೆನಪಿದೆ. ಆ ಕಡೆ ಮಯಂಕ್ 23 ಎಸೆತದಲ್ಲಿ ಅಜೇಯ 41. ಆ ಗೆಲುವಿಂದ ಆರ್‌ಸಿಬಿ ಮೊದಲ ಎರಡು ಸ್ಥಾನದೊಳಗೆ ಬಂತು, ಆಮೇಲೆ ಜೂನ್ 3ಕ್ಕೆ ಕಪ್ಪೂ ಬಂತು. ದೊಡ್ಡ ರೇಟೂ ಇಲ್ಲ, ದೊಡ್ಡ ಸುದ್ದಿಯೂ ಇಲ್ಲ. ಜಾಗ ಖಾಲಿ ಇತ್ತು, ತುಂಬಿತು ಅಷ್ಟೆ.

ಇದರ ಉಲ್ಟಾ ನಮ್ಮೂರ ಹೆಸರಿನ ತಂಡದಲ್ಲೇ ಇದೆ. 2024ರ ಮಹಾರಾಜ ಟ್ರೋಫಿಯಲ್ಲಿ ಶಿವಮೊಗ್ಗ ಲಯನ್ಸ್ ಪರ ಅಭಿನವ್ ಮನೋಹರ್ 507 ರನ್, 52 ಸಿಕ್ಸರ್ ಹೊಡೆದ್ರು. ಆದ್ರೂ ಲಯನ್ಸ್ ಸೆಮಿಫೈನಲ್‌ಗೆ ಹೋಗಲಿಲ್ಲ. ಒಬ್ಬ ಎಷ್ಟೇ ಹೊಡೆದ್ರೂ ಉಳಿದ ಜಾಗ ಸೋರ್ತಾ ಇದ್ರೆ ಕಷ್ಟ. 2025ರ ಹರಾಜಿನಲ್ಲಿ ಹುಬ್ಬಳ್ಳಿ ಟೈಗರ್ಸ್ ಅವರನ್ನ 12.20 ಲಕ್ಷಕ್ಕೆ ಕೊಂಡಿತು, ಲಯನ್ಸ್ 10.80 ಲಕ್ಷ ಕೊಟ್ಟು ವೇಗಿ ವಿದ್ವತ್ ಕಾವೇರಪ್ಪನ್ನ ತಗೊಂಡಿತು. ಸಿಕ್ಸರ್ ಹೋಯ್ತು ಅಂತ ಬೇಜಾರು ಸರಿನೇ. ಆದ್ರೆ ಬೌಲಿಂಗ್ ಬೇಕು ಅಂತ ಯಾರೋ ಲೆಕ್ಕ ಹಾಕಿದ್ರು ಅನ್ನೋದನ್ನೂ ನೋಡಬೇಕು.

ಕೊನೇದಾಗಿ ಕರುಣ್. ಟೆಸ್ಟ್‌ನಲ್ಲಿ ಅಜೇಯ 303 ಹೊಡೆದವರಿಗೆ ರಾಜ್ಯ ತಂಡದಲ್ಲೇ ಜಾಗ ಇಲ್ಲದ ಹಾಗಾಯ್ತು. ವಿದರ್ಭಕ್ಕೆ ಹೋದ್ರು. 2024–25ರ ರಣಜಿಯಲ್ಲಿ 863 ರನ್, ಫೈನಲ್‌ನಲ್ಲಿ ಶತಕ, ವಿದರ್ಭಕ್ಕೆ ಕಪ್, 2025ರಲ್ಲಿ ಮತ್ತೆ ಭಾರತ ತಂಡ. ಆಮೇಲೆ ಕರ್ನಾಟಕಕ್ಕೆ ವಾಪಸ್, ನವುಲೆಯಲ್ಲಿ ಆ 174. ಅವರು ಹೋಗಿದ್ದು ಕರ್ನಾಟಕಕ್ಕೆ ನಷ್ಟವೇ. ಹೋಗದೇ ಇಲ್ಲೇ ಬೆಂಚಲ್ಲಿ ಕೂತಿದ್ರೆ ಅವರಿಗೂ ನಷ್ಟ, ನಮಗೂ ನಷ್ಟ.

ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ರಣಜಿಯನ್ನ ಮೈಸೂರು, ಅಂದ್ರೆ ಮುಂದೆ ಕರ್ನಾಟಕ ಆದ ಅದೇ ತಂಡಕ್ಕೇ ಆಡಿದ್ರು. 91 ಟೆಸ್ಟ್, 6080 ರನ್. ಅವರ ಕಾಲ ಹಾಗಿತ್ತು. ಇವತ್ತು ಭದ್ರಾವತಿಯ ಹುಡುಗನೊಬ್ಬ ಹುಬ್ಬಳ್ಳಿ ಜೆರ್ಸಿ ಹಾಕಬಹುದು, ಬೇರೆ ರಾಜ್ಯಕ್ಕೂ ಹೋಗಬಹುದು. ರಾಜ್ಯ ತಂಡದಲ್ಲಿ ಇರೋದು ಹನ್ನೊಂದೇ ಜಾಗ. ಅವನ ಪೋಸ್ಟ್ ಕೆಳಗೆ ದ್ರೋಹಿ ಅಂತ ಬರೆಯೋ ಮುಂಚೆ, ಇಲ್ಲೇ ಇದ್ದಿದ್ರೆ ಅವನಿಗೆ ಎಷ್ಟು ಪಂದ್ಯ ಸಿಕ್ತಿತ್ತು ಅಂತ ಕೇಳ್ಕೊಳ್ಳಿ.

ಮುಂದಿನ ಟ್ರೇಡ್ ಸುದ್ದಿ ಬಂದಾಗ ಮೂರೇ ಪ್ರಶ್ನೆ ಇಟ್ಕೊಳ್ಳಿ. ತಂಡದಲ್ಲಿ ಖಾಲಿ ಇದ್ದ ಜಾಗ ಯಾವುದು? ಅದಕ್ಕೆ ಕೊಟ್ಟಿದ್ದೇನು? ಎರಡು ವರ್ಷದ ನಂತರ ಹೇಗಿದೆ? ನಿಮ್ಮ ಪ್ರಕಾರ ಶಿವಮೊಗ್ಗ ಲಯನ್ಸ್‌ನಲ್ಲಿ ಈಗ ತುಂಬಬೇಕಾದ ಜಾಗ ಯಾವುದು? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಮಾತಾಡೋಣ. ಸಿಗೋಣ, ನಮಸ್ಕಾರ.