ದೀರ್ಘರೋಗಿಯ ಮನೆಗೆ ಅಕ್ಷರದ ನೆರವು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಾಧಾರಣ ಜ್ವರಕ್ಕೆ ನಾಲ್ಕು ದಿನದ ಔಷಧಿ ಸಾಕು. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಜ್ಜನಿಗೆ ಹಾಗಲ್ಲ. ಅವರಿಗೆ ಔಷಧಿ ನಿತ್ಯವೂ ಬೇಕು, ಬಳಿಯಲ್ಲಿ ಒಬ್ಬರು ಸದಾ ಬೇಕು. ಆ ಮನೆಯಲ್ಲಿ ಬಡತನವೂ ಇದ್ದರೆ ಕಷ್ಟ ಇಮ್ಮಡಿಯಾಗುವುದು. ರೋಗಕ್ಕೊಂದು ಕಚೇರಿ, ಬಡತನಕ್ಕೊಂದು ಕಚೇರಿ ಎಂದು ಅಲೆಯುವ ಶಕ್ತಿ ಅಂಥವರಿಗೆಲ್ಲಿಯದು?

ಅಮೆರಿಕದಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೈಡ್ ಎಂಬ ವ್ಯವಸ್ಥೆಗಳು 1965ರಲ್ಲಿ ಹುಟ್ಟಿದವು. ಎರಡಕ್ಕೂ ಅರ್ಹರಾದವರಿಗಾಗಿ ಹಾಗೂ ದೀರ್ಘರೋಗಿಗಳಿಗಾಗಿ ವಿಶೇಷ ಯೋಜನೆಗಳನ್ನು ರಚಿಸಲು 2003ರ ಶಾಸನವು ಅವಕಾಶವಿತ್ತಿತು. ಚದರಿದ ಆರೈಕೆಯನ್ನು ಒಂದೆಡೆ ಹೊಂದಿಸಿಕೊಡುವುದೇ ಅವುಗಳ ಉದ್ದೇಶ.

ನಮ್ಮಲ್ಲಿಯೂ ನೆರವುಗಳಿವೆ, ಆದರೆ ಅವು ಬೇರೆ ಬೇರೆ ಬಾಗಿಲುಗಳಲ್ಲಿವೆ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆ ಒದಗಿಸುತ್ತದೆ. ಮನೆಯಲ್ಲಿ ವರ್ಷವಿಡೀ ನುಂಗುವ ಮಾತ್ರೆಗೆ ಅದು ಸಾಲದು. ಹಾಸಿಗೆ ಹಿಡಿದವರ ಶುಶ್ರೂಷೆ ಮಾಡುವವರಿಗೆ ಆಶ್ವಾಸಕಿರಣಂ ಎಂಬ ಸಹಾಯಧನ ಬೇರೆ. ಮನೆಗೆ ಬರುವ ಪಾಲಿಯೇಟಿವ್ ದಾದಿಯರ ವ್ಯವಸ್ಥೆ ಪಂಚಾಯತಿನ ಮೂಲಕ.

ಬಾಗಿಲು ತಟ್ಟುವುದರ ಬೆಲೆಯನ್ನು ನಮ್ಮ ಜಿಲ್ಲೆ ಬಲ್ಲದು. ಇಲ್ಲಿಯ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಮಿಕ್ಕಿ ಎಂಡೋಸಲ್ಫಾನನ್ನು ಆಕಾಶದಿಂದ ಸಿಂಪಡಿಸಲಾಯಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಆಜ್ಞಾಪಿಸಿತು. ಆದರೆ 2022ರ ಮೇ ತಿಂಗಳಲ್ಲಿ ನ್ಯಾಯಾಲಯವು ಕಂಡುದೇನು? 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ. ಅವರು ಪುನಃ ನ್ಯಾಯಾಲಯದ ಮೆಟ್ಟಿಲು ಹತ್ತಿದವರು. ತಟ್ಟಲಾರದವರು ಕಾದರು, ಕಾಯುತ್ತ ಕೆಲವರು ಕಣ್ಣು ಮುಚ್ಚಿದರು. ಹೀಗಾಗಬಾರದಿತ್ತು. ಹಕ್ಕು ತಾನಾಗಿ ಮನೆಗೆ ನಡೆದು ಬರಬೇಕು. ಬಾರದಿದ್ದಾಗ ಅದನ್ನು ಕರೆತರುವವರು ಮನೆಯಲ್ಲಿರಬೇಕು.

ವಿದ್ಯಾರ್ಥಿಗಳೇ, ನೀವು ಆ ಕೆಲಸಕ್ಕೆ ತಕ್ಕವರು. ಮಲಯಾಳದ ಅರ್ಜಿಯ ಮುಂದೆ ನಿಮ್ಮ ಅಜ್ಜಿ ತಬ್ಬಿಬ್ಬಾದಾರು. ನೀವು ಓದಿ ಹೇಳಬಲ್ಲಿರಿ. ರೇಷನ್ ಕಾರ್ಡು, ಆಧಾರ್, ವೈದ್ಯರ ಚೀಟಿ, ಆಸ್ಪತ್ರೆಯ ಕಾಗದಗಳನ್ನು ಒಂದೇ ಕಡತದಲ್ಲಿಡಿ. ಯಾವ ಅರ್ಜಿ ಯಾವ ದಿನ ಎಲ್ಲಿ ಕೊಟ್ಟಿರೆಂದು ಬರೆದಿಡಿ. ರಶೀದಿ ಕೇಳಿ ಪಡೆಯಿರಿ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಲು ಇಲ್ಲಿಯ ಕನ್ನಡಿಗರಿಗೆ 1969ರ ಕೇರಳ ರಾಜಭಾಷಾ ಶಾಸನವು ಅವಕಾಶವಿತ್ತಿದೆ; ಸಂಕೋಚ ಬೇಡ.

ಪೋಷಕರೇ, ಮಕ್ಕಳ ಅಂಕಪಟ್ಟಿಯನ್ನು ನೋಡುವ ನಾವು ಇದನ್ನೂ ನೋಡೋಣ. ನೆರೆಮನೆಯ ರೋಗಿಗಾಗಿ ಒಂದು ಅರ್ಜಿಯನ್ನು ತಪ್ಪಿಲ್ಲದೆ ಬರೆದ ಮಗುವು ಕಲಿತ ಅಕ್ಷರದ ಋಣವನ್ನು ತೀರಿಸತೊಡಗಿತೆಂದೇ ನಾವು ಭಾವಿಸುವೆವು.