ಎಳೆಯ ಮಕ್ಕಳ ಹೊರಾಂಗಣ ಆಟ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಂಗನವಾಡಿಗೋ ಕೂಸಿನ ಮನೆಗೋ ಭೇಟಿ ನೀಡಿದಾಗ ನಾವು ಕಟ್ಟಡ, ಅಡುಗೆಕೋಣೆ, ಶೌಚಾಲಯ, ಹಾಜರಾತಿ ಪುಸ್ತಕಗಳನ್ನು ಪರಿಶೀಲಿಸುತ್ತೇವೆ. ಅಂಗಳದಲ್ಲಿ ಕಾಮಗಾರಿಯ ಜಲ್ಲಿ, ಮುರಿದ ಪೈಪು ಬಿದ್ದಿದ್ದರೂ ಅದನ್ನು ಲೋಪವೆಂದು ಎಣಿಸುವುದಿಲ್ಲ. ಇಂದು ಆ ಅಂಗಳದ ಕುರಿತೇ ನಾಲ್ಕು ಮಾತು ಹೇಳಬಯಸುತ್ತೇನೆ.

ಒಂದರಿಂದ ಮೂರು ವರ್ಷದ ಅವಧಿಯಲ್ಲಿ ಕಾಲು, ಸೊಂಟ, ಬೆನ್ನು, ಭುಜಗಳ ದೊಡ್ಡ ಸ್ನಾಯುಗಳು ಬಲಗೊಂಡು ಮಗುವಿಗೆ ದೇಹದ ಸಮತೋಲನ ಕೈಗೂಡುತ್ತದೆ. ಎರಡರ ಹೊತ್ತಿಗೆ ಅದು ಓಡುತ್ತದೆ, ಚೆಂಡನ್ನು ಒದೆಯುತ್ತದೆ. ಮೂರರ ಹೊತ್ತಿಗೆ ಎರಡೂ ಕಾಲೆತ್ತಿ ಜಿಗಿಯುತ್ತದೆ. ಇದು ಚಾಪೆಯ ಮೇಲೆ ಕುಳಿತು ಬರುವ ವಿದ್ಯೆಯಲ್ಲ. ಏರು, ಇಳಿಜಾರು, ಹುಲ್ಲು, ಮರಳು ಇವುಗಳ ಮೇಲೆ ನಡೆದು, ಎಡವಿ, ಎದ್ದು ಕಲಿಯತಕ್ಕದ್ದು. 1ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಟ್ಟು ಕನಿಷ್ಠ 180 ನಿಮಿಷ ದೈಹಿಕ ಚಟುವಟಿಕೆಯಲ್ಲಿ ತೊಡಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ. ಒಂದು ವರ್ಷದ ಮಗುವಿಗೆ ಮೊಬೈಲು, ಟಿ.ವಿ. ಬೇಡವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ.

ಆದರೂ ಮಕ್ಕಳನ್ನು ಒಳಗೇ ಕೂರಿಸುವುದೇಕೆ? ಮಗು ಬಿದ್ದರೆ ದೂರು ಬರುವುದು ಕಾರ್ಯಕರ್ತೆಯ ಮೇಲೆ. ಆ ಭಯ ಸಹಜವಾದುದು. ಮಂಡಿ ತರಚಿದರೆ ವಾಸಿಯಾಗುತ್ತದೆ. ಮುಚ್ಚಳವಿಲ್ಲದ ಸಂಪು, ತೆರೆದ ಗುಂಡಿ, ಬೇಲಿಯಿಲ್ಲದೆ ರಸ್ತೆಗೆ ತೆರೆದುಕೊಂಡ ಅಂಗಳ ಪ್ರಾಣವನ್ನೇ ತೆಗೆಯಬಲ್ಲವು. ಅವುಗಳನ್ನು ಸರಿಪಡಿಸುವುದು ಕಾರ್ಯಕರ್ತೆಯೊಬ್ಬರ ಕೈಯಲ್ಲಿಲ್ಲ, ಪಂಚಾಯಿತಿಯ ಕೈಯಲ್ಲಿದೆ.

ಇದಕ್ಕೆ ದುಬಾರಿ ಸಲಕರಣೆಗಳು ಅನಿವಾರ್ಯವಲ್ಲ. ಜಲ್ಲಿ, ಗಾಜು, ಮುಳ್ಳುಗಳನ್ನು ತೆರವುಗೊಳಿಸಿ; ಸಂಪಿಗೆ ಭದ್ರವಾದ ಮುಚ್ಚಳ, ಅಂಗಳಕ್ಕೆ ಬೇಲಿ ಹಾಕಿಸಿ. ಮಗುವಿನ ಮಂಡಿಯೆತ್ತರದ ಮಣ್ಣಿನ ದಿಬ್ಬ, ಮರಳಿನ ಗುಂಡಿ, ಅಲುಗಾಡದಂತೆ ನೆಲದಲ್ಲಿ ಹೂತ ಮರದ ದಿಮ್ಮಿ, ಒಂದು ಹೊಂಗೆಯ ನೆರಳು ಇದ್ದರೆ ಆರಂಭಕ್ಕೆ ಸಾಕು. ಮರಳನ್ನು ನಾಯಿ, ಬೆಕ್ಕು ಹೊಲಸು ಮಾಡದಂತೆ ರಾತ್ರಿ ಮುಚ್ಚಿಡಬೇಕು. ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತಿನಲ್ಲೇ ಆಟ ನಡೆಯಲಿ.

ಆಟದ ಅಂಗಳದಲ್ಲಿ ಇನ್ನೊಂದು ಪ್ರಯೋಜನವಿದೆ. ಹಿಂದುಳಿಯುವ ಮಗು ಅಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಹದಿನೆಂಟು ತಿಂಗಳಾದರೂ ತಾನಾಗಿ ನಡೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಅಂಗವೈಕಲ್ಯವುಳ್ಳ ಮಗುವಿಗೂ ಅದೇ ಅಂಗಳದಲ್ಲಿ ಆಟದ ಹಕ್ಕಿದೆ ಎಂಬುದನ್ನು ಮರೆಯಬಾರದು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಅಂಗಳವನ್ನು ಖುದ್ದಾಗಿ ನೋಡಿ ಬನ್ನಿ; ಕಂಡ ಕೊರತೆಗಳನ್ನು ಕ್ರಿಯಾ ಯೋಜನೆಗೆ ಸೇರಿಸಿ. ಅಂಗಳ ಸುರಕ್ಷಿತವಾದರೆ ಕಾರ್ಯಕರ್ತೆ ನಿರ್ಭಯದಿಂದ ಬಾಗಿಲು ತೆರೆಯುತ್ತಾರೆ. ಮಕ್ಕಳು ಹೊರಗೆ ಬರುತ್ತಾರೆ.