ನಮ್ಮ ಅಂಗಳಕ್ಕೆ ನಮ್ಮ ನೆಲದ ಗಿಡ



ಗುಲಾಬಿ, ಕ್ರೋಟನ್, ಒಂದಿಷ್ಟು ಹುಲ್ಲುಹಾಸು ಇದ್ದರೆ ಕೈತೋಟವಾಯಿತು ಎಂದು ನಾವು ತಿಳಿದಿದ್ದೇವೆ. ಆದರೆ ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕೇಪಳ, ಕುಂಟುನೇರಳೆ, ಪುನರ್ಪುಳಿಗಳನ್ನು ನಿಮ್ಮಲ್ಲಿ ಎಷ್ಟು ಮಂದಿ ಗುರುತಿಸಬಲ್ಲಿರಿ? ಗುಡ್ಡವನ್ನು ಸೈಟಿಗಾಗಿ ಸಮತಟ್ಟು ಮಾಡುವಾಗ ಮೊದಲು ಹೋಗುವುದೇ ಈ ಗಿಡಗಳು. ಉಳಿದ ಗುಡ್ಡಗಳಲ್ಲಿ ಹಲವೆಡೆ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ನಿಂತಿದೆ. ಅದರಿಂದ ಸೌದೆ ಸಿಗುತ್ತದೆ. ಮಕ್ಕಳು ಕಿತ್ತು ತಿನ್ನುವ ಹಣ್ಣು ಸಿಗುವುದಿಲ್ಲ.

ಕಂಪೌಂಡಿನ ಒಂದು ಮೂಲೆ ಸಾಕು. ಜೂನ್‌ನಲ್ಲಿ ನೆಲ ನೆನೆದ ಮೇಲೆ ಅಗಲವಾದ ಗುಂಡಿ ತೆಗೆದು, ಮೇಲ್ಮಣ್ಣು, ಕೊಳೆತ ತರಗೆಲೆ ತುಂಬಿ ನೆಡಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ನಿಜ, ಆದರೆ ಬಹುಪಾಲು ನಾಲ್ಕೇ ತಿಂಗಳಲ್ಲಿ! ಆದ್ದರಿಂದ ಊರಿನ ಗಿಡಕ್ಕೂ ಮೊದಲ ಎರಡು ಬೇಸಿಗೆ ನೀರು ಬೇಕು. ಅಕ್ಕಿ ತೊಳೆದ ನೀರಾದರೂ ಆದೀತು. ತರಗೆಲೆಯನ್ನು ಗುಡಿಸಿ ಸುಡಬೇಡಿ, ಬುಡಕ್ಕೆ ಹೊದಿಸಿ.

ಬೇಲಿಗೆ ಈಶ್ವರಿಬಳ್ಳಿ ಹಬ್ಬಿಸಿ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈ ಜಾತಿಯ ಬಳ್ಳಿಗಳ ಮೇಲೆ. ಹುಳುಗಳು ಎಲೆಯನ್ನೆಲ್ಲ ತಿಂದಾವು. ಔಷಧಿ ಹೊಡೆಯಬೇಡಿ, ಬಳ್ಳಿ ನೆಟ್ಟದ್ದೇ ಅವುಗಳಿಗಾಗಿ! ಮನುಷ್ಯರಿಗೆ ಮಾತ್ರ ಅದು ವಿಷ. ಚಿಕ್ಕ ಮಕ್ಕಳಿಗೆ ತಿಳಿಸಿಡಿ.

ನರ್ಸರಿಯಲ್ಲಿ ಕೇಪಳ ಕೇಳಿದರೆ ಹೈಬ್ರಿಡ್ ಗಿಡ ಕೊಡುವುದುಂಟು. ಅದಕ್ಕಿಂತ ಮೇ ತಿಂಗಳಲ್ಲಿ ಮನೆಯ ಹಿರಿಯರೊಬ್ಬರ ಜೊತೆ ಗುಡ್ಡಕ್ಕೆ ಹೋಗಿ. ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ, ಹಣ್ಣು ತಿಂದು ಬೀಜ ತನ್ನಿ. ಕುಂಟುನೇರಳೆಯ ಬೀಜವನ್ನು ಒಣಗಿಸಿಡಬೇಡಿ, ಅದೇ ವಾರ ಬಿತ್ತಿ.